ಕಣ್ಣು ಹಾರುವುದೇಕೆ?

ಪ್ರೀತಿಯ ಸಹಪಾಠಿಗಳೇ, ಒಂದು ಸಲವಾದರೂ ಕಣ್ಣು ಹಾರದೇ ಇರುವವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಇರಲಿಕ್ಕಿಲ್ಲ. ಒಳಗಿನಿಂದ ಯಾರೋ ದಾರ ಹಿಡಿದು ಜಗ್ಗಿದ ಹಾಗೆ ರೆಪ್ಪೆ ಪಟಪಟ ಅನ್ನುತ್ತದೆ. ಬೆರಳಿಂದ ಒತ್ತಿ ಹಿಡಿದರೂ ನಿಲ್ಲುವುದಿಲ್ಲ. ಕೆಲವರು ಇದಕ್ಕೆ ಕಣ್ಣು ಅದುರುವುದು ಎನ್ನುತ್ತಾರೆ. ಇಷ್ಟು ಸಣ್ಣ ವಿಷಯದಿಂದ ನಮ್ಮ ಮನೆಯಲ್ಲಿ ಏನೇನಾಯಿತು ಎಂದು ಮೊದಲು ಹೇಳಿ, ಆಮೇಲೆ ಕಾರಣ ಮತ್ತು ಪರಿಹಾರಗಳನ್ನು ಬರೆಯುತ್ತೇನೆ.

ಹೋದ ವರ್ಷ ಫೆಬ್ರವರಿ ತಿಂಗಳು. ನಾನು 9ನೇ ತರಗತಿ ಪರೀಕ್ಷೆಗೆ ಓದುತ್ತಿದ್ದೆ. ಅಪ್ಪ ಕಾಫಿ ಹಣ್ಣು ಕೊಯ್ಯುವ ಕೆಲಸಕ್ಕೆಂದು ಕೊಡಗಿಗೆ ಹೋಗಿದ್ದರು. ರಾತ್ರಿ 12 ಗಂಟೆಯವರೆಗೆ ಓದುವುದು, ಬೆಳಿಗ್ಗೆ 4ಕ್ಕೇ ಏಳುವುದು, ನಿದ್ದೆ ಬಂದರೆ ಒಂದು ಲೋಟ ಟೀ ಕುಡಿಯುವುದು. ಹೀಗೆ ನಡೆದಿತ್ತು. ಒಂದು ದಿನ ಬಲಗಣ್ಣಿನ ಕೆಳರೆಪ್ಪೆ ಹಾರಲು ಶುರುವಾಯಿತು. ಅಜ್ಜಿಗೆ ಹೇಳಿದೆ. ಅಲ್ಲೇ ನಾನು ತಪ್ಪು ಮಾಡಿದ್ದು!

"ಅಯ್ಯೋ, ಹೆಣ್ಮಕ್ಕಳಿಗೆ ಬಲಗಣ್ಣು ಹಾರಬಾರದು ಕಣೇ! ನಿಮ್ಮಪ್ಪ ಬೇರೆ ಊರಲ್ಲಿಲ್ಲ. ಫೋನು ಮಾಡಿದ್ನಾ?" ಎಂದು ಅಜ್ಜಿ ಕೇಳಿತು. ಅಪ್ಪ ಇದ್ದ ತೋಟದಲ್ಲಿ ಫೋನು ಸರಿಯಾಗಿ ಸಿಗುತ್ತಿರಲಿಲ್ಲ. ಅಜ್ಜಿ ಒಂದು ಹುಲ್ಲುಕಡ್ಡಿ ಚೂರನ್ನು ಒದ್ದೆ ಮಾಡಿ ನನ್ನ ರೆಪ್ಪೆಗೆ ಅಂಟಿಸಿತು. ಕಡ್ಡಿಯೂ ಹಾರತೊಡಗಿತು, ಅಷ್ಟೇ. ಎರಡು ದಿನ ಅಜ್ಜಿ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಫೋನು ಸಿಕ್ಕಿದಾಗ ಅತ್ತುಕೊಂಡು "ಬೇಗ ಬಂದುಬಿಡಪ್ಪ" ಎಂದಿತು. ಏನೋ ಅನಾಹುತ ಆಗಿದೆ ಎಂದುಕೊಂಡು ಅಪ್ಪ ಎರಡು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಬಂದರು. ಅವರು ಚೆನ್ನಾಗಿಯೇ ಇದ್ದರು. ನನ್ನ ಕಣ್ಣು ಮಾತ್ರ ಅವರ ಎದುರಿಗೇ ಹಾರುತ್ತಿತ್ತು! ಅಪ್ಪ ಬೈಯಲಿಲ್ಲ. "ಬಂದಿದ್ದಂತೂ ಆಯ್ತು, ನಡಿ ಡಾಕ್ಟರಿಗೆ ತೋರಿಸೋಣ" ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು.

ಡಾಕ್ಟರು ಮೂರೇ ಪ್ರಶ್ನೆ ಕೇಳಿದರು. ಎಷ್ಟು ಗಂಟೆ ಮಲಗ್ತೀಯ? ದಿನಕ್ಕೆ ಎಷ್ಟು ಲೋಟ ಟೀ? ರೆಪ್ಪೆ ಮಾತ್ರ ಹಾರುತ್ತೋ, ಕೆನ್ನೆ ಬಾಯಿ ಕೂಡ ಎಳೆಯುತ್ತೋ? ನಾನು ನಾಲ್ಕು ಗಂಟೆ ನಿದ್ದೆ, ಐದು ಲೋಟ ಟೀ, ರೆಪ್ಪೆ ಮಾತ್ರ ಎಂದೆ. ಅವರು ನಕ್ಕು, "ಇದಕ್ಕೆ ಮಾತ್ರೆ ಬೇಡ. ಮನೆಗೆ ಹೋಗಿ ಮಲಕ್ಕೋ" ಎಂದರು.

ಡಾಕ್ಟರು ಮತ್ತು ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿದ್ದನ್ನು ಈಗ ಬರೆಯುತ್ತೇನೆ.

ಕಣ್ಣು ಹಾರುವುದು ಎಂದರೆ ನಿಜವಾಗಿ ಹಾರುವುದು ಕಣ್ಣುಗುಡ್ಡೆಯಲ್ಲ, ರೆಪ್ಪೆಯ ಸ್ನಾಯು. ಕಣ್ಣಿನ ಸುತ್ತ ಬಳೆಯ ಹಾಗೆ ಒಂದು ತೆಳು ಸ್ನಾಯು ಇದೆ. ಚೀಲದ ಬಾಯಿಗೆ ಲಾಡಿ ಹಾಕಿ ಎಳೆದರೆ ಬಾಯಿ ಮುಚ್ಚುತ್ತದಲ್ಲ, ಹಾಗೆಯೇ ಈ ಸ್ನಾಯು ಬಿಗಿದಾಗ ಕಣ್ಣು ಮುಚ್ಚುತ್ತದೆ. ಅದಕ್ಕೆ ಅಪ್ಪಣೆ ಕೊಡುವುದು ಮುಖದ ನರ. ಮೆದುಳಿನಿಂದ ಹೊರಡುವ 12 ಜೊತೆ ನರಗಳಲ್ಲಿ ಇದು 7ನೆಯದು. ದೇಹ ದಣಿದಾಗ ಈ ನರದ ತುದಿಗಳು ನಾವು ಹೇಳದೆಯೇ ಸಣ್ಣ ಸಣ್ಣ ಅಪ್ಪಣೆ ಕೊಡುತ್ತವೆ. ಆಗ ಸ್ನಾಯುವಿನ ಕೆಲವು ಎಳೆಗಳು ಮಾತ್ರ ಮಿಡಿಯುತ್ತವೆ. ಇದಕ್ಕೆ ವೈದ್ಯರು ಮಯೋಕಿಮಿಯ ಎನ್ನುತ್ತಾರೆ. ಇದು ಹೆಚ್ಚಾಗಿ ಒಂದೇ ಕಣ್ಣಿನ ಕೆಳರೆಪ್ಪೆಯಲ್ಲಿ ಬರುತ್ತದೆ. ನಮಗೆ ಜೋರಾಗಿ ಹಾರಿದಂತೆ ಅನ್ನಿಸಿದರೂ ಎದುರಿನವರಿಗೆ ಎಷ್ಟೋ ಸಲ ಕಾಣುವುದೇ ಇಲ್ಲ.

ಸಾಮಾನ್ಯ ಕಾರಣಗಳು:
1. ನಿದ್ದೆಗೆಡುವುದು ಮತ್ತು ದಣಿವು.
2. ಚಿಂತೆ, ಹೆದರಿಕೆ. (ಪರೀಕ್ಷೆಯೂ ಇದರಲ್ಲಿ ಸೇರಿದೆ!)
3. ಟೀ, ಕಾಫಿ ಅತಿಯಾಗಿ ಕುಡಿಯುವುದು. ಇವುಗಳಲ್ಲಿರುವ ಕೆಫೀನ್ ನರಗಳನ್ನು ಕೆಣಕುತ್ತದೆ.
4. ಕಡಿಮೆ ಬೆಳಕಿನಲ್ಲಿ ಓದಿ, ಇಲ್ಲವೇ ಕನ್ನಡಕ ಬೇಕಿದ್ದರೂ ಹಾಕದೆ ಕಣ್ಣು ದಣಿಸುವುದು.
5. ಕಣ್ಣು ಒಣಗುವುದು. ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಮೊಬೈಲನ್ನೇ ದಿಟ್ಟಿಸಿದಾಗ ಇದು ಬಹಳ ಕಡಿಮೆಯಾಗುತ್ತದೆ.
6. ದೊಡ್ಡವರಲ್ಲಿ ಬೀಡಿ, ಸಿಗರೇಟು, ಹೆಂಡದ ಚಟ.

ಪರಿಹಾರಗಳು:
1. ಚೆನ್ನಾಗಿ ನಿದ್ದೆ ಮಾಡಿ. ನಮ್ಮ ವಯಸ್ಸಿನವರಿಗೆ ದಿನಕ್ಕೆ 8 ಗಂಟೆಯಾದರೂ ನಿದ್ದೆ ಬೇಕು.
2. ಟೀ, ಕಾಫಿ ಕಡಿಮೆ ಮಾಡಿ. ಸಂಜೆ ಮೇಲೆ ಬೇಡವೇ ಬೇಡ.
3. ಶುದ್ಧ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಇಟ್ಟುಕೊಳ್ಳಿ.
4. ಓದುವಾಗ ನಡುನಡುವೆ ತಲೆ ಎತ್ತಿ ದೂರದ ಮರವನ್ನು ನೋಡಿ. ರೆಪ್ಪೆ ಬಡಿಯಿರಿ.
5. ಬೋರ್ಡಿನ ಮೇಲಿನ ಅಕ್ಷರ ಮಂಜಾಗಿ ಕಂಡರೆ ಮೇಷ್ಟ್ರಿಗೆ ಹೇಳಿ, ಕಣ್ಣು ಪರೀಕ್ಷೆ ಮಾಡಿಸಿ.
6. ಹರಳೆಣ್ಣೆ, ಎಲೆಯ ರಸ, ಯಾರದೋ ಹಳೇ ಡ್ರಾಪ್ಸ್ ಕಣ್ಣಿಗೆ ಬಿಟ್ಟುಕೊಳ್ಳಲೇಬೇಡಿ.

ಸಾಮಾನ್ಯವಾಗಿ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಇದು ತಾನೇ ಹೋಗುತ್ತದೆ. ನನಗೆ ಆರನೇ ದಿನ ನಿಂತಿತು.

ಇನ್ನು ಶಕುನದ ಮಾತು. ಇದು ಬಹಳ ಹಳೆಯದು. ರಾಮಾಯಣದಲ್ಲಿ ಹನುಮಂತನನ್ನು ಕಾಣುವ ಮೊದಲು ಸೀತೆಗೆ ಎಡಗಣ್ಣು ಅದುರಿ ಶುಭ ಸೂಚಿಸಿತು. ಕಾಳಿದಾಸನ ನಾಟಕದಲ್ಲಿ ದುಷ್ಯಂತನ ಆಸ್ಥಾನಕ್ಕೆ ಬಂದಾಗ ಶಕುಂತಲೆಗೆ ಬಲಗಣ್ಣು ಅದುರಿತು. ಆದರೆ ಚೀನಾ ದೇಶದಲ್ಲಿ ಗಂಡಾಗಲಿ ಹೆಣ್ಣಾಗಲಿ ಎಡಗಣ್ಣು ಹಾರಿದರೆ ಧನಲಾಭ, ಬಲಗಣ್ಣು ಹಾರಿದರೆ ಕೇಡು ಎಂಬ ಮಾತಿದೆಯಂತೆ. ನಮ್ಮಲ್ಲಿ ಗಂಡಸಿಗೆ ಬಲಗಣ್ಣು ಶುಭ. ಹಾಗಾದರೆ ಬಲಗಣ್ಣು ಹಾರಿದ ಗಂಡಸು ಇಲ್ಲಿದ್ದರೆ ಶುಭ, ಚೀನಾಕ್ಕೆ ಹೋದರೆ ಅಶುಭವೇ? ಸ್ನಾಯುವಿಗೆ ದೇಶ ಗೊತ್ತೇ? ನೀವೇ ಯೋಚಿಸಿ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಡಾಕ್ಟರು ಕೇಳಿದ ಮೂರನೇ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಯಾಕೆಂದರೆ ನಮ್ಮ ದೊಡ್ಡಮ್ಮನಿಗೆ ಎರಡು ವರ್ಷದಿಂದ ಬಲಗಣ್ಣು ಹಾರುತ್ತಿತ್ತು. ಮೊದಲು ರೆಪ್ಪೆ ಮಾತ್ರ. ಆಮೇಲೆ ಕೆನ್ನೆ, ಬಾಯಿಯ ಅಂಚು ಕೂಡ ಎಳೆಯುತ್ತಿತ್ತು. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅವರನ್ನು ಯಾರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿರಲಿಲ್ಲ. ಬದಲಿಗೆ ಒಂದು ಮದುವೆಯಲ್ಲಿ "ನೀನು ಆರತಿ ಎತ್ತಬೇಡ, ಹಿಂದೆ ಇರು" ಎಂದಿದ್ದರು. ಅಂದಿನಿಂದ ದೊಡ್ಡಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡೇ ಓಡಾಡುತ್ತಿದ್ದರು.

ನಾನು ಅಪ್ಪನಿಗೆ ಹೇಳಿದೆ. ಅಪ್ಪ ಕೊಡಗಿಗೆ ವಾಪಸ್ ಹೋಗುವ ಮುಂಚೆ ದೊಡ್ಡಮ್ಮನನ್ನೂ ಅದೇ ಡಾಕ್ಟರಿಗೆ ತೋರಿಸಿದರು. ಅವರು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಸ್ಕ್ಯಾನ್ ಮಾಡಿ, ತಲೆಯೊಳಗೆ ಒಂದು ರಕ್ತನಾಳ ಮುಖದ ನರಕ್ಕೆ ತಾಗಿ ಒತ್ತುತ್ತಿದೆ ಎಂದರು. ಇದಕ್ಕೆ ಬೊಟುಲಿನಮ್ ಟಾಕ್ಸಿನ್ ಎಂಬ ಇಂಜೆಕ್ಷನ್ನನ್ನು ತೀರಾ ಕಡಿಮೆ ಪ್ರಮಾಣದಲ್ಲಿ ಸ್ನಾಯುವಿಗೆ ಕೊಡುತ್ತಾರೆ. ಸ್ನಾಯು ಸಡಿಲವಾಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಕೊಡಬೇಕು. ಕೆಲವರಿಗೆ ಆಪರೇಷನ್ನೂ ಮಾಡುತ್ತಾರೆ. ದೊಡ್ಡಮ್ಮನಿಗೆ ಈಗ ಎಳೆತ ತುಂಬಾ ಕಡಿಮೆಯಾಗಿದೆ.

ಆದ್ದರಿಂದ ಇದನ್ನು ನೆನಪಿಡಿ. ಕಣ್ಣು ಹಾರುವುದು ಕೆಲವು ವಾರ ಕಳೆದರೂ ನಿಲ್ಲದಿದ್ದರೆ, ಕೆನ್ನೆ ಬಾಯಿಗೆ ಹರಡಿದರೆ, ಎರಡೂ ಕಣ್ಣು ತಾವಾಗಿ ಮುಚ್ಚಿಕೊಂಡರೆ, ರೆಪ್ಪೆ ಜೋತುಬಿದ್ದರೆ, ಕಣ್ಣು ಕೆಂಪಾಗಿ ಊದಿಕೊಂಡರೆ ಡಾಕ್ಟರಿಗೆ ತೋರಿಸಲೇಬೇಕು. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗಿ, ಕೈಕಾಲಿನ ಶಕ್ತಿ ಹೋಗಿ, ಮಾತು ತೊದಲಿದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನು ಮಾಡಿ. ಅದು ಕಣ್ಣು ಹಾರುವುದಲ್ಲ, ಪಾರ್ಶ್ವವಾಯು ಇರಬಹುದು.

ನನ್ನ ಕಣ್ಣಿಗೆ ಬೇಕಾಗಿದ್ದು ನಿದ್ದೆ, ಮನೆಯವರೆಲ್ಲ ಹೆದರಿದರು. ದೊಡ್ಡಮ್ಮನ ಕಣ್ಣಿಗೆ ಬೇಕಾಗಿದ್ದು ಡಾಕ್ಟರು, ಎಲ್ಲರೂ ದೂರ ಸರಿದರು. ಎರಡು ಕಡೆಯೂ ಶಕುನವೇ ಅಡ್ಡ ಬಂತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಕಣ್ಣು ಹಾರಿದರೆ ಎಡವೋ ಬಲವೋ ಎಂದು ಕೇಳಬೇಡಿ. ಡಾಕ್ಟರು ಕೇಳಿದ ಮೂರು ಪ್ರಶ್ನೆ ಕೇಳಿ.

ಹೋದ ತಿಂಗಳು ನಮ್ಮ ಅತ್ತೆಯ ಮಗಳ ಮದುವೆಯಲ್ಲಿ ದೊಡ್ಡಮ್ಮನೇ ಆರತಿ ಎತ್ತಿದರು. ಅವರ ಕೈಗೆ ಆರತಿ ತಟ್ಟೆ ಕೊಟ್ಟಿದ್ದು ನಮ್ಮ ಅಜ್ಜಿ.

ತಪ್ಪುಗಳಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

— 10ನೇ ತರಗತಿಯ ಒಬ್ಬ ವಿದ್ಯಾರ್ಥಿನಿ