‘ಆಟ’ಕ್ಕೆ ಒಗ್ಗದ ‘ಆಟೋ’

ಕಾಸರಗೋಡು: ಹರಕೆಯಾಟದ ರಾತ್ರಿ. ಗದ್ದೆಯಲ್ಲಿ ಹಾಕಿದ ರಂಗಸ್ಥಳದಲ್ಲಿ ಚೆಂಡೆಯ ಪೆಟ್ಟು ಏರುತ್ತಿದೆ. ಮನೆಯ ಹುಡುಗ ಮೊದಲ ಬಾರಿ ಗೆಜ್ಜೆ ಕಟ್ಟಿ ಬಾಲಗೋಪಾಲನಾಗಿ ಬಂದಿದ್ದಾನೆ. ಎದುರಿನ ಸಾಲಿನಲ್ಲಿ ಸೋದರಮಾವನ ಕೈಯಲ್ಲಿ ಡಿಜಿಟಲ್ ಕ್ಯಾಮೆರಾ. ಐವತ್ತು ಫೋಟೊ ಆಯಿತು. ಮರುದಿನ ಕಂಪ್ಯೂಟರಿಗೆ ಹಾಕಿ ನೋಡಿದರೆ ಹಿಂದಿನ ಕತ್ತಲಲ್ಲಿದ್ದ ತೆಂಗಿನಮರವೂ ಕಾಣುತ್ತದೆ, ಹುಡುಗನ ಮುಖ ಮಾತ್ರ ಸುಣ್ಣ ಬಳಿದ ಗೋಡೆ! ‘ಎಂಥದು ಮಗಾ, ಇವನ ಕಣ್ಣು ಮೂಗು ಎಲ್ಲಿ ಹೋಯಿತು?’ ಎಂದು ಅಜ್ಜಿ ಕೇಳಿದರೆ ಉತ್ತರವಿಲ್ಲ.

ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮನೆಗಳಿಗೆ ಇದು ಹೊಸತಲ್ಲ. ತಪ್ಪು ಮಾವನದ್ದೂ ಅಲ್ಲ, ಕ್ಯಾಮೆರಾ ಕೆಟ್ಟದ್ದೂ ಅಲ್ಲ. ಅದು ‘ಆಟೋ’ದಲ್ಲಿತ್ತು, ಅಷ್ಟೆ.

ಬೂದು ಬಣ್ಣದ ಲೆಕ್ಕ

ಆಟೋದಲ್ಲಿ ಎಷ್ಟು ಬೆಳಕು ಬೇಕೆಂದು ಕ್ಯಾಮೆರಾವೇ ತೀರ್ಮಾನಿಸುತ್ತದೆ. ಎದುರಿನ ದೃಶ್ಯವೆಲ್ಲ ಸರಾಸರಿ ಬೂದು ಬಣ್ಣದ್ದು, ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ಮರಳಿಸುವಂಥದ್ದು ಎಂಬುದು ಅದರ ಮೂಲ ಲೆಕ್ಕ. ಹಗಲಿನ ಅಂಗಳಕ್ಕೆ ಈ ಲೆಕ್ಕ ಸರಿ. ಆಟದ ಕಳದಲ್ಲಿ ಮುಕ್ಕಾಲು ಭಾಗ ಕತ್ತಲು. ಆ ಕತ್ತಲನ್ನೂ ಬೂದು ಮಾಡಲು ಅದು ಬೆಳಕನ್ನು ಏರಿಸುತ್ತದೆ. ಆಗ ಬಣ್ಣ ಹಚ್ಚಿದ ಮುಖ ಬಿಳಿಚಿಹೋಗುತ್ತದೆ. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣದಿಂದ ಗಂಟೆಗಟ್ಟಲೆ ಕೂತು ಇಟ್ಟ ಚುಟ್ಟಿಯೂ ಒಂದೇ ಬಿಳಿ ಮುದ್ದೆ.

ರಾಕ್ಷಸ ಪ್ರವೇಶದಲ್ಲಿ ಇದರ ತಿರುಗುಮುರುಗು. ದೊಂದಿಗೆ ರಾಳ ಎರಚಿದಾಗ ಎದ್ದ ಬೆಂಕಿಗೆ ಕ್ಯಾಮೆರಾ ಹೆದರಿ ಬೆಳಕು ಇಳಿಸುತ್ತದೆ. ಬೆಂಕಿ ಉಳಿದು ವೇಷ ಕಪ್ಪಾಗುತ್ತದೆ.

ಏನು ಮಾಡಬಹುದು?

ಗುಂಡಿ ತಿರುಗಿಸಿ ‘ಪಿ’ಗೆ ತನ್ನಿ. ಪ್ಲಸ್-ಮೈನಸ್ ಗುರುತಿನ ಬಟನ್ ಒತ್ತಿ ಮೈನಸ್ 1ರಿಂದ 2ರವರೆಗೆ ಇಳಿಸಿ. ಹಗಲು ಬೇಕಲದ ಮರಳಿನಲ್ಲಿ ಬಿಳಿ ಪಂಚೆ ಉಟ್ಟವರ ಫೋಟೊಕ್ಕೆ ಇದೇ ಬಟನ್ನಿನಲ್ಲಿ ಪ್ಲಸ್ ಬೇಕು. ರಂಗದ ದೀಪ ಬೆಳಗಿನವರೆಗೆ ಹೆಚ್ಚು ಬದಲಾಗದಿದ್ದರೆ, ಒಮ್ಮೆ ಸರಿಯಾದ ಲೆಕ್ಕ ಸಿಕ್ಕಿದ ಮೇಲೆ ‘ಎಂ’ನಲ್ಲಿ ಅದನ್ನೇ ಇಟ್ಟುಕೊಳ್ಳಬಹುದು. ಆಗ ರಾಳದ ಬೆಂಕಿಗೂ ಕ್ಯಾಮೆರಾ ಮೋಸ ಹೋಗುವುದಿಲ್ಲ.

ಧೀಂಗಿಣ ಹಿಡಿಯಲು ಶಟರ್ ವೇಗ ಸೆಕೆಂಡಿನ 250ನೇ ಒಂದು ಭಾಗವಾದರೂ ಬೇಕು. ಮಂದ ಬೆಳಕಿನಲ್ಲಿ ಆಟೋ 30ನೇ ಒಂದಕ್ಕೆ ಇಳಿದರೆ ವೇಷವೆಲ್ಲ ಕಲಸುಮೇಲೋಗರ. ಐಎಸ್‌ಒ ಏರಿಸಿದರೆ ಸ್ವಲ್ಪ ಕಾಳು ಕಾಳು ಕಂಡೀತು, ಆದರೂ ಮುಖ ಉಳಿಯುತ್ತದೆ. ಫ್ಲ್ಯಾಶ್ ಬೇಡ. ಸಣ್ಣ ಕ್ಯಾಮೆರಾದ ಫ್ಲ್ಯಾಶ್ ಮೂರು-ನಾಲ್ಕು ಮೀಟರ್ ದಾಟುವುದು ಕಷ್ಟ. ಹಿಂದೆ ಕೂತು ಹೊಡೆದರೆ ಬೆಳಗುವುದು ಮುಂದಿನವರ ತಲೆ, ಹತ್ತಿರದಿಂದ ಹೊಡೆದರೆ ಕುಣಿಯುವವರ ಕಣ್ಣಿಗೆ ತೊಂದರೆ.

ಮೊಬೈಲ್ ಹಿಡಿದವರು ಪರದೆಯಲ್ಲಿ ಮುಖದ ಮೇಲೆ ಬೆರಳಿಡಿ. ಸೂರ್ಯನ ಗುರುತು ಬಂದರೆ ಅದನ್ನು ಕೆಳಗೆ ಎಳೆಯಿರಿ, ಸಾಕು.

ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆಯಾದ್ದರಿಂದ ಗಡಿನಾಡಿನ ಎಷ್ಟೋ ಮಕ್ಕಳು ಶಾಲೆಯಲ್ಲೇ ಬಣ್ಣ ಹಚ್ಚುತ್ತಾರೆ. ಅವರ ಅಪ್ಪ ಅಮ್ಮಂದಿರಿಗೂ ಇದೇ ಮಾತು.

ರೀಲಿನ ಕಾಲದಲ್ಲಿ 36 ಫೋಟೊ ಮುಗಿಸಿ ಸ್ಟುಡಿಯೋಕ್ಕೆ ಕೊಟ್ಟು ಕಾಯಬೇಕಿತ್ತು. ಈಗ ತಪ್ಪು ಅಲ್ಲೇ ಕಾಣುತ್ತದೆ. ಕೋಡಂಗಿ ಕುಣಿಯುವಾಗಲೇ ನಾಲ್ಕು ತೆಗೆದು ನೋಡಿಕೊಳ್ಳಿ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಳ ಮಳೆಗಾಲ ಕಳೆದು ಮತ್ತೆ ಬಂದೀತು. ಹುಡುಗನ ಮೊದಲ ಗೆಜ್ಜೆ ಮತ್ತೆ ಬಾರದು.