ಸೂಜಿಯ ಪರೀಕ್ಷೆಯು ನಿರ್ಣಯ ಹೇಳದಿದ್ದರೆ

ಕೊರಳಿನ ಮುಂಭಾಗದಲ್ಲಿ, ಚಿಟ್ಟೆಯು ರೆಕ್ಕೆ ಹರಡಿದಂತೆ ಶ್ವಾಸನಾಳವನ್ನು ಅಪ್ಪಿಕೊಂಡಿರುವ ಗ್ರಂಥಿಗೆ ಥೈರಾಯಿಡ್ ಎಂದು ಹೆಸರು. ಇದರಲ್ಲಿ ಗಂಟು ಹುಟ್ಟುವುದು ಬಹು ಸಾಮಾನ್ಯ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅವುಗಳಲ್ಲಿ ಬಹುಪಾಲು ನಿರುಪದ್ರವವಾದವು. ಸಂಶಯ ಹುಟ್ಟಿಸುವ ಗಂಟನ್ನು ವೈದ್ಯರು ಸಣ್ಣ ಸೂಜಿಯಿಂದ ಚುಚ್ಚಿ, ತೆಗೆದ ಜೀವಕಣಗಳನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಿಂದ ನೋಡುತ್ತಾರೆ. ಉತ್ತರವು ಕ್ಯಾನ್ಸರ್ ಹೌದೆಂದೋ ಅಲ್ಲವೆಂದೋ ಬಂದರೆ ಮುಂದಿನ ದಾರಿ ಸ್ಪಷ್ಟ. ಎರಡೂ ಅಲ್ಲದೆ, ನಿಶ್ಚಯಿಸಲಾಗದೆಂದು ಬಂದರೆ ಮಾಡತಕ್ಕುದೇನು?

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನಂತಹ ಊರಿನ ಗೃಹಿಣಿಗೆ ಇದು ಬರಿಯ ವೈದ್ಯಶಾಸ್ತ್ರದ ಪ್ರಶ್ನೆಯಲ್ಲ. ಪರೀಕ್ಷೆಗೊಮ್ಮೆ, ವರದಿಗೊಮ್ಮೆ, ತಜ್ಞರ ಭೇಟಿಗೊಮ್ಮೆ ಬೆಂಗಳೂರಿಗೆ ಹೋಗಬೇಕಾದೀತು. ಹಸುವಿನ ಹಾಲು ಕರೆಯುವುದಕ್ಕೂ ಮಕ್ಕಳ ಊಟಕ್ಕೂ ಬೇರೆಯವರನ್ನು ಗೊತ್ತುಮಾಡಬೇಕು. ಆದಕಾರಣ, 'ಒಂದೇ ಸಲಕ್ಕೆ ಎಲ್ಲವನ್ನೂ ತೆಗೆಸಿಬಿಡೋಣ' ಎನ್ನುವವರೂ, 'ಏನೂ ಇದೆಯೆಂದು ಹೇಳಲಿಲ್ಲವಲ್ಲ, ಬಿಟ್ಟುಬಿಡೋಣ' ಎನ್ನುವವರೂ ಒಂದೇ ಜಗಲಿಯ ಮೇಲೆ ಕುಳಿತಿರುತ್ತಾರೆ. ಎರಡೂ ಅವಸರದ ಮಾತುಗಳೇ.

ವರದಿಯಲ್ಲಿ ಮೊದಲು ಹುಡುಕಬೇಕಾದುದು ಒಂದು ಅಂಕೆಯನ್ನು. 2007ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಸೇರಿದ ತಜ್ಞರ ಸಮ್ಮೇಳನದಿಂದ ಹುಟ್ಟಿದ ಪದ್ಧತಿಯಂತೆ ಈ ವರದಿಗಳಿಗೆ 6 ವರ್ಗಗಳುಂಟು. 1ನೆಯದೆಂದರೆ ಕಣಗಳು ಸಾಲಲಿಲ್ಲವೆಂದಷ್ಟೆ. ಸಾಮಾನ್ಯವಾಗಿ ಮತ್ತೊಮ್ಮೆ ಚುಚ್ಚಿ ನೋಡುವುದುಂಟು. ನಿಜವಾದ ಅನಿಶ್ಚಯವು 3 ಮತ್ತು 4ನೆಯ ವರ್ಗಗಳಲ್ಲಿದೆ. 2023ರ ಪರಿಷ್ಕರಣದ ಪ್ರಕಾರ ಅವುಗಳಲ್ಲಿ ಕ್ಯಾನ್ಸರಿನ ಸರಾಸರಿ ಸಂಭವವು ನೂರಕ್ಕೆ 22 ಮತ್ತು 30, 5ನೆಯದರಲ್ಲಿಯಾದರೋ 74. ಇವು ಬಹುಮಟ್ಟಿಗೆ ಶಸ್ತ್ರಕ್ರಿಯೆಯಾದವರ ಲೆಕ್ಕಗಳಾದುದರಿಂದ, ಶಸ್ತ್ರಕ್ಕೆ ಒಳಗಾಗದ ಗಂಟುಗಳನ್ನೂ ಸೇರಿಸಿದರೆ 3ನೆಯ ವರ್ಗದ ಪ್ರಮಾಣ ಇನ್ನೂ ಕಡಿಮೆಯಿರಬಹುದು.

ಇಷ್ಟು ಮುಂದುವರಿದ ಕಾಲದಲ್ಲಿಯೂ ಉತ್ತರವೇಕೆ ದೊರೆಯದು? ಫಾಲಿಕ್ಯುಲರ್ ಎಂಬ ಬಗೆಯ ಗಂಟಿನಲ್ಲಿ ಸಾಧುವಾದುದರ ಕಣಗಳೂ ಕ್ಯಾನ್ಸರಿನ ಕಣಗಳೂ ಒಂದೇ ರೂಪದಲ್ಲಿ ಕಾಣುತ್ತವೆ. ಗಂಟಿನ ಸುತ್ತಣ ಪೊರೆಯನ್ನಾಗಲಿ ರಕ್ತನಾಳವನ್ನಾಗಲಿ ಅವು ಭೇದಿಸಿವೆಯೇ ಎಂಬುದೊಂದೇ ವ್ಯತ್ಯಾಸ. ಬೇಲಿಯೊಳಗಿನ ಗಿಡದ ನಾಲ್ಕು ಎಲೆಗಳನ್ನು ಕಿತ್ತು ತಂದು ನೋಡಿದವನಿಗೆ ಅದರ ಬೇರು ಬೇಲಿಯನ್ನು ದಾಟಿದೆಯೇ ಎಂದು ತಿಳಿಯುವುದೆಂತು? ಆದುದರಿಂದ ವೈದ್ಯರನ್ನು ದೂಷಿಸಿ ಫಲವಿಲ್ಲ. ಚುಚ್ಚಿದುದರಿಂದಲೇ ರೋಗ ಹರಡೀತೆಂಬ ಭಯಕ್ಕೂ ಆಧಾರ ಸಾಲದು.

3ನೆಯ ವರ್ಗವಾದರೆ ಕೆಲವು ವಾರಗಳ ಅನಂತರ ಮತ್ತೆ ಸೂಜಿಪರೀಕ್ಷೆ ಮಾಡಿಸುವುದು ವಿಹಿತ; ಅನೇಕರಿಗೆ ಎರಡನೆಯ ಸಲ ಸ್ಪಷ್ಟವಾದ ಉತ್ತರ ಸಿಕ್ಕುವುದುಂಟು. ಹಳೆಯ ಗಾಜಿನ ಫಲಕಗಳನ್ನೇ ಕೇಳಿ ಪಡೆದು, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿದರೆ, ಹೊಸದಾಗಿ ಚುಚ್ಚಿಸಿಕೊಳ್ಳದೆ ಇನ್ನೊಂದು ಅಭಿಪ್ರಾಯ ದೊರೆಯಬಹುದು. ಇದನ್ನು ಕೇಳಲು ಸಂಕೋಚಪಡುವವರೇ ಹೆಚ್ಚು. ಕಣಗಳ ವಂಶವಾಹಿಗಳನ್ನು ಶೋಧಿಸುವ ಪರೀಕ್ಷೆಯೂ ಉಂಟು. ಬೆಲೆ ಮಾತ್ರ ಸಾಮಾನ್ಯರ ಕೈಗೆಟುಕುವಂತಹುದಲ್ಲ.

4ನೆಯ ವರ್ಗಕ್ಕೆ ಬಹಳ ಕಾಲದಿಂದ ನಡೆದು ಬಂದಿರುವುದು ಗಂಟಿರುವ ಅರ್ಧಗ್ರಂಥಿಯನ್ನು ಮಾತ್ರ ತೆಗೆದು ಪೂರ್ಣವಾಗಿ ಪರೀಕ್ಷಿಸುವ ಕ್ರಮ. ಇಡೀ ಗ್ರಂಥಿಯನ್ನೇ ತೆಗೆಸಿದರೆ ಜೀವವಿರುವವರೆಗೆ ದಿನವೂ ಮಾತ್ರೆ ನುಂಗಬೇಕು. ರಕ್ತದ ಕ್ಯಾಲ್ಸಿಯಂ ಕುಗ್ಗುವ ಅಪಾಯವೂ ಹೆಚ್ಚು. ಅರ್ಧವನ್ನು ಉಳಿಸಿಕೊಂಡವರಲ್ಲಿ ಅನೇಕರಿಗೆ ಮಾತ್ರೆಯೇ ಬೇಕಾಗದು. ಧ್ವನಿಯ ನರಕ್ಕೆ ಪೆಟ್ಟು ತಗುಲುವ ಸಂಭವವು ಸ್ವಲ್ಪಮಟ್ಟಿಗೆ ಎರಡರಲ್ಲಿಯೂ ಇದ್ದೇ ಇದೆ. ಹಾಡುವವರೂ ಪಾಠ ಹೇಳುವವರೂ ಇದನ್ನು ಮೊದಲೇ ವಿಚಾರಿಸಿಕೊಳ್ಳಲಿ.

ಕಾದು ನೋಡುವುದೂ ಒಂದು ಚಿಕಿತ್ಸೆಯೇ ಎಂಬುದನ್ನು ನಮ್ಮ ಜನ ಸುಲಭವಾಗಿ ನಂಬರು. ದಕ್ಷಿಣ ಕೊರಿಯದಲ್ಲಿ ಆರೋಗ್ಯವಂತರ ಕೊರಳುಗಳನ್ನೂ ಪರೀಕ್ಷಿಸುತ್ತ ಹೋದುದರಿಂದ, 2011ರ ಹೊತ್ತಿಗೆ ಪತ್ತೆಯಾದ ಥೈರಾಯಿಡ್ ಕ್ಯಾನ್ಸರುಗಳು 1993ರಲ್ಲಿ ಇದ್ದುದರ ಸುಮಾರು 15 ಪಟ್ಟಾದುವು. ಸಾಯುವವರ ಪ್ರಮಾಣವು ಮಾತ್ರ ಕದಲಲಿಲ್ಲ. ಈ ರೋಗದ ಬಹುಪಾಲು ಅಷ್ಟು ಮಂದಗತಿಯದು. ಗಂಟು ಸಣ್ಣದಾಗಿ, ಅಲ್ಟ್ರಾಸೌಂಡಿನಲ್ಲಿ ಕೆಟ್ಟ ಲಕ್ಷಣಗಳಿಲ್ಲದಿದ್ದರೆ, ವೈದ್ಯರು ಗೊತ್ತುಮಾಡಿದ ತಿಂಗಳಿಗೆ ಮತ್ತೆ ನೋಡಿಸಬಹುದು. ಆದರೆ ಕಾಯುವೆನೆಂದವರು ಆ ದಿನವನ್ನು ರಾಗಿಯ ಕುಯ್ಲಿಗೆಂದು ಮುಂದೂಡಕೂಡದು. ಅಷ್ಟರಲ್ಲಿ ಧ್ವನಿ ಒಡೆದರೆ, ನುಂಗುವುದು ಕಷ್ಟವಾದರೆ, ಗಂಟು ಬೇಗನೆ ಬೆಳೆದರೆ, ಕತ್ತಿನ ಪಕ್ಕದಲ್ಲಿ ಹೊಸ ಗೆಡ್ಡೆ ಕೈಗೆ ಸಿಕ್ಕರೆ, ಗೊತ್ತಾದ ದಿನಕ್ಕೆ ಕಾಯದೆ ಕೂಡಲೆ ಹೋಗತಕ್ಕುದು.