ಸಿಂದಿ ಮತ್ತು ಬಯಲಾಟ: ಸುರಪುರ ಸೀಮೆಯ ಜನವಿನೋದದ ಚರಿತ್ರೆಗೆ ಒಂದು ಪ್ರವೇಶ

ಯಾದಗಿರಿ, ಶಹಾಪುರ, ಸುರಪುರ ಎಂಬ ಹೆಸರುಗಳು ನಮ್ಮ ಇತಿಹಾಸಗ್ರಂಥಗಳಲ್ಲಿ ಬರುವುದು ಬಹುಮಟ್ಟಿಗೆ ಕೋಟೆ, ಮುತ್ತಿಗೆ, ದಂಗೆಗಳ ಸಂದರ್ಭದಲ್ಲಿ. ೧೭೦೫ರಲ್ಲಿ ಔರಂಗಜೇಬನು ತನ್ನ ಆಯುಷ್ಯದ ಕೊನೆಯ ದೊಡ್ಡ ಮುತ್ತಿಗೆಯನ್ನು ಹಾಕಿದುದು ಬೇಡ ನಾಯಕರ ವಾಗಿನಗೇರಿಗೆ. ೧೮೫೮ರಲ್ಲಿ ರಾಜಾ ವೆಂಕಟಪ್ಪನಾಯಕನು ಆಂಗ್ಲರಿಗೆ ಎದುರಾಗಿ ನಿಂತುದು ಸುರಪುರದಲ್ಲಿ. ಈ ಸಂಗತಿಗಳನ್ನು ವಿದ್ಯಾರ್ಥಿಗಳು ಬಲ್ಲರು. ಆದರೆ ಆ ಕೋಟೆಗಳ ಕೆಳಗಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿಸಿದ ಒಕ್ಕಲಿಗನು, ಕುರುಬನು, ಬೇಡನು ತನ್ನ ಇರುಳನ್ನು ಹೇಗೆ ಕಳೆಯುತ್ತಿದ್ದನು, ಏನನ್ನು ಕುಡಿದು, ಏನನ್ನು ಕೇಳಿ ಸಂತೋಷಪಡುತ್ತಿದ್ದನು ಎಂಬ ಪ್ರಶ್ನೆಯನ್ನು ನಾವು ಅಪರೂಪವಾಗಿ ಕೇಳಿದ್ದೇವೆ.

ಅರಸರ ಯುದ್ಧಕ್ಕಿರುವಂತೆ ಜನರ ಸಂತೋಷಕ್ಕೂ ಒಂದು ಚರಿತ್ರೆಯುಂಟು. ಈ ಸೀಮೆಯಲ್ಲಿ ಆ ಚರಿತ್ರೆಯ ಎರಡು ಮುಖ್ಯ ವಸ್ತುಗಳು ಸಿಂದಿ ಮತ್ತು ಬಯಲಾಟ. ಒಂದು ಪಾನೀಯ, ಇನ್ನೊಂದು ಹಾಡಿನಿಂದ ತುಂಬಿದ ನಾಟಕ. ಇವೆರಡೂ ಊರಿನಲ್ಲಿಯೇ ಹುಟ್ಟಿ ಊರಿನಲ್ಲಿಯೇ ಮುಗಿಯುತ್ತಿದ್ದ ಕೈಕಸಬುಗಳು. ಮಾಡುವವನಿಗೂ ಸವಿಯುವವನಿಗೂ ನಡುವೆ ಮೂರನೆಯವನು ಬಂದಾಗ ಇವೆರಡರ ಸ್ಥಿತಿಯೂ ಬದಲಾಯಿತು ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

೧

ಹಳೆಯ ಮೈಸೂರು ಪ್ರಾಂತದವರು ಈಚಲು ಎಂದು ಕರೆಯುವ ಮರವನ್ನು ಇಲ್ಲಿಯವರು ಸಿಂದಿ ಗಿಡ ಎನ್ನುತ್ತಾರೆ. ಅದರಿಂದ ಇಳಿಸಿದ ಕಳ್ಳಿಗೂ ಸಿಂದಿ ಎಂಬುದೇ ಹೆಸರು. ಹಳ್ಳದ ದಂಡೆ, ಕೆರೆಯ ಏರಿ, ಹೊಲದ ಬದು ಇವೇ ಈ ಗಿಡದ ನೆಲೆಗಳು. ಚಳಿಗಾಲ ಮೊದಲಾಗುತ್ತಲೇ ಇಳಿಸುವವನು ಮೊಳೆಯಂತೆ ಚುಚ್ಚುವ ಎಲೆಗಳನ್ನು ಸವರಿ, ಸುಳಿಯ ಕೆಳಗಿನ ಎಳೆಯ ಭಾಗದಲ್ಲಿ ಕಚ್ಚು ಮಾಡಿ, ಸಂಜೆ ಗಡಿಗೆಯನ್ನು ಕಟ್ಟಿ, ಸೂರ್ಯ ಹುಟ್ಟುವ ಮೊದಲು ಇಳಿಸುತ್ತಾನೆ. ಗಿಡವನ್ನು ನಿತ್ಯವೂ ಕೆತ್ತಿದರೆ ಅದು ಸೊರಗುವುದು. ನಡುನಡುವೆ ವಿಶ್ರಾಂತಿ ಕೊಡಬೇಕು. ಒಂದು ವರ್ಷ ಒಂದು ಮಗ್ಗುಲಿನಲ್ಲಿ ಕಚ್ಚು ಮಾಡಿದರೆ ಮರುವರ್ಷ ಎದುರು ಮಗ್ಗುಲಿನಲ್ಲಿ ಮಾಡುವುದು ಪದ್ಧತಿ. ಆದುದರಿಂದ ಹಳೆಯ ಗಿಡದ ಕಾಂಡವು ಹಾವಿನ ನಡೆಯಂತೆ ಅಂಕುಡೊಂಕಾಗಿ ಕಾಣುವುದು. ಆ ಕಚ್ಚುಗಳನ್ನೆಣಿಸಿದರೆ ಎಷ್ಟು ವರ್ಷ ಸಿಂದಿ ಇಳಿಸಲಾಗಿದೆಯೆಂಬ ಲೆಕ್ಕ ದೊರೆಯುವುದು. ಶಾಸನವಿಲ್ಲದ ಊರಿನಲ್ಲಿ ಇದೂ ಒಂದು ಬರೆಹವೇ.

ಮರದಿಂದ ಒಸರುವಾಗ ರಸವು ಸಿಹಿಯಾಗಿದ್ದು ಅಮಲಿಲ್ಲದೆ ಇರುವುದು. ಗಡಿಗೆಗೆ ಸುಣ್ಣ ಸವರಿದ್ದರೆ ಅದು ಹುಳಿಯದೆ ನೀರಾ ಆಗಿ ಉಳಿಯುವುದು. ಸವರದಿದ್ದರೆ ಗಾಳಿಯಲ್ಲಿಯೂ ಗಡಿಗೆಯಲ್ಲಿಯೂ ಇರುವ ಸೂಕ್ಷ್ಮಜೀವಿಗಳು ಕೆಲವೇ ತಾಸುಗಳಲ್ಲಿ ಸಕ್ಕರೆಯನ್ನು ಮದ್ಯಸಾರವನ್ನಾಗಿ ಮಾರ್ಪಡಿಸುತ್ತವೆ. ಆದರೂ ಅದರ ಕಾವು ಸಾಮಾನ್ಯವಾಗಿ ನೂರಕ್ಕೆ ನಾಲ್ಕೈದು ಪಾಲನ್ನು ಮೀರದು. ಭಟ್ಟಿ ಇಳಿಸಿದ ಸೆರೆಗೂ ಇದಕ್ಕೂ ಇರುವ ಮುಖ್ಯ ಭೇದ ಇದೇ. ಮರುದಿನಕ್ಕೆ ಅದು ಹುಳಿತು ಬಾಯಿಗೆ ಹತ್ತದಂತಾಗುವುದು. ಐರೋಪ್ಯರ ಬಿಯರನ್ನು ಪೀಪಾಯಿಯಲ್ಲಿ ತುಂಬಿ ತಿಂಗಳುಗಟ್ಟಲೆ ಇಡಬಹುದು, ಹಡಗಿನಲ್ಲಿ ಕಳಿಸಬಹುದು. ಸಿಂದಿಯನ್ನು ಹಾಗೆ ಇಡಲಾಗದು. ಬೆಳಗಿನ ಸಿಂದಿಯನ್ನು ಅಂದೇ ಮುಗಿಸಬೇಕು. ಇಳಿಸಿದವನು ಯಾರು, ಗಿಡ ಯಾವುದು ಎಂಬುದು ಕುಡಿಯುವವನಿಗೆ ಗೊತ್ತಿರುತ್ತಿತ್ತು. ಆದುದರಿಂದ ಅದರ ಶುದ್ಧಿಗೆ ಇಳಿಸಿದವನ ಹೆಸರೇ ಹೊಣೆಯಾಗಿತ್ತು.

೨

ಬಯಲಾಟದಲ್ಲಿ ದೊಡ್ಡಾಟ, ಸಣ್ಣಾಟ ಎಂಬ ಎರಡು ಬಗೆಗಳನ್ನು ಉತ್ತರ ಕರ್ನಾಟಕದಲ್ಲಿ ಸಾಮಾನ್ಯವಾಗಿ ಗುರುತಿಸುತ್ತಾರೆ. ದೊಡ್ಡಾಟದ ವಸ್ತು ಪುರಾಣ. ಕಿರೀಟ, ಭುಜಕೀರ್ತಿ, ಎದೆಹಾರಗಳ ಭಾರವಾದ ವೇಷ. ಹಲಗೆಗಳಿಂದ ಕಟ್ಟಿದ ಎತ್ತರದ ಅಟ್ಟ. ಗಣಪತಿಯ ಸ್ತುತಿಯಿಂದ ಆರಂಭ. ಪಾತ್ರವು ರಂಗಕ್ಕೆ ಬಂದೊಡನೆ ಸಾರಥಿಯು ನೀವು ಯಾರು, ಎಲ್ಲಿಯವರು ಎಂದು ವಿಚಾರಿಸುತ್ತಾನೆ. ಪಾತ್ರವು ಹಾಡಿನಿಂದಲೂ ಗದ್ಯದಿಂದಲೂ ತನ್ನ ಗುರುತು ಹೇಳಿಕೊಳ್ಳುತ್ತದೆ. ಸಣ್ಣಾಟದ ವೇಷ ಸರಳವಾದುದು, ಮಾತು ಮನೆಮಾತಿಗೆ ಹತ್ತಿರವಾದುದು, ವಸ್ತು ಬಹುಶಃ ಸಾಮಾಜಿಕವಾದುದು. ಬೈಲಹೊಂಗಲದ ಒಂದು ನಿಜವಾದ ಕೊಲೆಯ ಸುತ್ತ ಬೆಳೆದ ‘ಸಂಗ್ಯಾ ಬಾಳ್ಯಾ’ ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ.

ಆಟದ ಬಂಡವಾಳ ಊರಿನದು. ಸುಗ್ಗಿಯ ನಂತರ ಆಡುವ ಆಟಕ್ಕೆ ತಿಂಗಳುಗಟ್ಟಲೆ ತಾಲೀಮು ನಡೆಯುವುದು. ಹೊತ್ತಿಗೆಯನ್ನು ಬಲ್ಲ ಮಾಸ್ತರನನ್ನು ಕರೆಸಿ, ಅವನಿಗೆ ಕೊಡುವ ಹಣವನ್ನು ಪಾತ್ರಧಾರಿಗಳೇ ಕೂಡಿಸುತ್ತಾರೆ. ಹಗಲು ಕುಂಟೆ ಹೊಡೆದವನು ಇರುಳು ದುರ್ಯೋಧನನಾಗುತ್ತಾನೆ. ಬೇಸಾಯದವನ ಓದು ಬಾರದ ಮಗನೂ ಕೇಳಿ ಕೇಳಿ ನೂರಾರು ಹಾಡುಗಳನ್ನು ಬಾಯಿಪಾಠ ಮಾಡುತ್ತಾನೆ. ಆಟದ ಇರುಳು ಬೀಗರು, ಗೆಳೆಯರು ಅಟ್ಟದ ಬಳಿಗೆ ಬಂದು ಆಯೇರಿ ಮಾಡುತ್ತಾರೆ. ಊಟದ ಹೊತ್ತು ಮೀರಿದ ಮೇಲೆ ಮೊದಲಾದ ಆಟ ಬೆಳ್ಳಿ ಮೂಡಿದರೂ ಮುಗಿಯದು. ಅಂದಿನ ಸಿಂದಿಯಂತೆ ಅಂದಿನ ಆಟವೂ ಅಂದಿಗೇ ಮುಗಿಯುವುದು; ಕೂಡಿಡಲು ಬಾರದು.

ಇವಲ್ಲದೆ ಹರದೇಶಿ-ನಾಗೇಶಿ ಮೇಳಗಳ ಸವಾಲು-ಜವಾಬಿನ ಪದಗಳು, ಮೊಹರಮ್ಮಿನಲ್ಲಿ ಹಿಂದೂ-ಮುಸಲ್ಮಾನರಿಬ್ಬರೂ ಹಾಡುವ ಕನ್ನಡದ ರಿವಾಯತ ಪದಗಳು ಈ ಭಾಗದ ಗೇಯಪರಂಪರೆಯನ್ನು ಶ್ರೀಮಂತಗೊಳಿಸಿವೆ. ಮೈಲಾಪುರದ ಮೈಲಾರಲಿಂಗನ ಸಂಕ್ರಾಂತಿ ಜಾತ್ರೆ, ಕೃಷ್ಣೆಯ ದಂಡೆಯ ತಿಂಥಣಿಯ ಮೌನೇಶ್ವರನ ಜಾತ್ರೆ ಇವು ಈ ಸೀಮೆಯ ಜನ ನೆರೆಯುವ ದೊಡ್ಡ ಸಂದರ್ಭಗಳು.

೩

ಸಿಂದಿ ಮತ್ತು ಆಟಗಳ ಕಾಲ ಒಂದೇ ಎಂಬುದನ್ನು ಗಮನಿಸಬೇಕು. ಗಿಡವು ರಸ ಕೊಡುವ ಚಳಿಗಾಲವೇ ಜೋಳದ ಕಣ ಮುಗಿದು ಕೈಯಲ್ಲಿ ಕಾಳುಕಡಿ ಆಡುವ ಕಾಲದೊಡನೆ ಕೂಡುತ್ತದೆ. ಜಾತ್ರೆಗಳ ಕಾಲವೂ ಅದೇ. ಹಾಗೆಂದು ಆಟ ನೋಡಿದವರೆಲ್ಲ ಕುಡಿದವರೆಂದಾಗಲಿ, ಆಡಿದವರೆಲ್ಲ ಅಮಲಿನಲ್ಲಿ ಆಡಿದರೆಂದಾಗಲಿ ತಿಳಿಯಬಾರದು. ದೊಡ್ಡಾಟವು ದೇವರ ಸ್ತುತಿಯಿಂದ ಮೊದಲಾಗುವ ಕಾರ್ಯ. ಎರಡೂ ಒಂದೇ ಊರಿನ ಒಂದೇ ಋತುವಿನ ಬಿಡುವಿನಲ್ಲಿ ಬೆಳೆದವು ಎಂಬಷ್ಟನ್ನೇ ನಾವು ಹೇಳುತ್ತಿದ್ದೇವೆ.

ಈ ಸಾಮೀಪ್ಯ ನಮ್ಮಲ್ಲಿ ಮಾತ್ರ ಕಂಡುದಲ್ಲ. ಅಥೆನ್ಸಿನಲ್ಲಿ ಕ್ರಿ. ಪೂ. ೫ನೆಯ ಶತಮಾನದ ಮಹಾನಾಟಕಗಳು ಪ್ರದರ್ಶಿತವಾದುದು ದ್ರಾಕ್ಷಾರಸದ ದೇವತೆಯಾದ ಡಯೊನೀಸಸನ ಉತ್ಸವದಲ್ಲಿ. ಏಳನೆಯ ಶತಮಾನದ ಪಲ್ಲವ ದೊರೆ ಮಹೇಂದ್ರವರ್ಮನ ‘ಮತ್ತವಿಲಾಸ’ ಪ್ರಹಸನದಲ್ಲಿ ಕಂಚಿಯ ಬೀದಿಯಲ್ಲಿ ಅಮಲೇರಿದ ಕಾಪಾಲಿಕನೇ ನಾಯಕ. ಕನ್ನಡದ ಮಹಾಕಾವ್ಯಗಳ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು.

ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದುದು ಹನ್ನೆರಡನೆಯ ಶತಮಾನದ ಶರಣರ ಸಾಕ್ಷ್ಯ. ವಚನಕಾರರ ಸಾಲಿನಲ್ಲಿ ಹೆಂಡದ ಮಾರಯ್ಯನಿದ್ದಾನೆ. ಬಹುರೂಪಿ ಚೌಡಯ್ಯನೂ ಇದ್ದಾನೆ. ಒಬ್ಬನ ಕಾಯಕ ಹೆಂಡ ಮಾರುವುದು, ಇನ್ನೊಬ್ಬನದು ವೇಷ ಕಟ್ಟಿ ಆಡುವುದು. ಸುರಪುರ ಸೀಮೆಯ ಮುದನೂರಿನವನಾದ ಜೇಡರ ದಾಸಿಮಯ್ಯನದು ನೇಯ್ಗೆ. ಶರಣರು ಮದ್ಯವನ್ನು ಹೊಗಳಿದರೆಂದು ಇದರಿಂದ ಹೇಳಲಾಗದು. ಆದರೆ ಹೆಂಡದವನನ್ನೂ ವೇಷದವನನ್ನೂ ನೇಕಾರನನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿ, ಅವರವರ ಕಸಬಿನ ಹೆಸರಿನಿಂದಲೇ ನೆನೆದ ಸಮಾಜ ಒಂದಿತ್ತು ಎಂಬುದು ಚರಿತ್ರೆಗೆ ಮಹತ್ವದ ಮಾತು. ಅಲ್ಲಿ ವಸ್ತುವಿಗಿಂತ ಮುಂಚೆ ಮಾಡುವವನು ಕಾಣುತ್ತಾನೆ.

೪

೧೮೬೦ರಲ್ಲಿ ಸುರಪುರ ಸಂಸ್ಥಾನವು ನಿಜಾಮನ ವಶಕ್ಕೆ ಸೇರಿತು. ಹೈದರಾಬಾದ್ ಸರಕಾರದ ದೊಡ್ಡ ಆದಾಯಗಳಲ್ಲಿ ಅಬಕಾರಿಯೂ ಒಂದು. ಗಿಡಗಳಿಗೆ ತೆರಿಗೆ ಕಟ್ಟಬೇಕು. ಇಳಿಸುವ, ಮಾರುವ ಹಕ್ಕು ಹರಾಜಿನಲ್ಲಿ ಗುತ್ತೇದಾರನಿಗೆ ಹೋಗುವುದು. ಗುತ್ತೇದಾರ ಎಂಬುದು ಈ ಭಾಗದಲ್ಲಿ ಇಂದಿಗೂ ಮನೆತನದ ಅಡ್ಡಹೆಸರಾಗಿ ಉಳಿದಿರುವುದು ಆ ವ್ಯವಸ್ಥೆಯ ನೆನಪು. ಇಳಿಸುವವನು ತನ್ನ ಗಿಡದ ಒಡೆಯನಾಗಿ ಉಳಿಯದೆ ಗುತ್ತೇದಾರನ ಕೂಲಿಯಾದನು. ಹರಾಜಿನ ಹಣ ಹೆಚ್ಚಿದಂತೆ ಅದನ್ನು ಗಡಿಗೆಯಿಂದಲೇ ತೆಗೆಯಬೇಕಾಯಿತು. ಬೇಡಿಕೆ ಗಿಡದ ಶಕ್ತಿಯನ್ನು ಮೀರಿದಾಗ ನೀರು ಬೆರೆಸುವುದು, ಕಡಿಮೆಯಾದ ಕಾವನ್ನು ಬೇರೆ ವಸ್ತುಗಳಿಂದ ತುಂಬುವುದು ವ್ಯಾಪಾರದ ಸಹಜ ಗತಿ.

ಸಿಂದಿ ಗಿಡವು ರಾಜಕಾರಣದ ವಸ್ತುವಾದುದು ೧೯೪೭-೪೮ರಲ್ಲಿ. ಸಂಸ್ಥಾನವು ಭಾರತದಲ್ಲಿ ವಿಲೀನವಾಗಬೇಕೆಂದು ಹೋರಾಡಿದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಕಾರ್ಯಕ್ರಮಗಳಲ್ಲಿ ಸಿಂದಿ ಗಿಡಗಳನ್ನು ಕಡಿಯುವುದೂ ಸೇರಿದ್ದಿತು. ಆ ಹೋರಾಟದ ನಾಯಕರಾದ ಸ್ವಾಮಿ ರಮಾನಂದ ತೀರ್ಥರು ಜನಿಸಿದುದು ಈ ಸೀಮೆಗೆ ಹತ್ತಿರವಾದ ಸಿಂದಗಿಯಲ್ಲಿ. ಗಿಡ ಉರುಳಿದರೆ ನಿಜಾಮನ ಬೊಕ್ಕಸ ಬರಿದಾಗುವುದೆಂಬುದು ಸತ್ಯಾಗ್ರಹಿಗಳ ಲೆಕ್ಕ. ಪಾನನಿರೋಧದ ಗಾಂಧೀತತ್ತ್ವವೂ ಅದಕ್ಕೆ ಬಲ ಕೊಟ್ಟಿತು. ಇಲ್ಲಿ ಒಂದು ವಿಪರ್ಯಾಸವಿದೆ. ಯಾವ ಗಿಡ ಊರಿನ ಸಂತೋಷದ ಮೂಲವಾಗಿತ್ತೋ ಅದೇ ಗಿಡ ಒಡೆಯನ ಖಜಾನೆಯ ಕಂಬವೆಂದು ಊರಿನವರಿಗೇ ಕಾಣಿಸಿತು. ತೊಂಬತ್ತು ವರ್ಷಗಳ ಅಬಕಾರಿಯು ಮಾಡಿದ ಪರಿವರ್ತನೆ ಇದು.

ಮುಂದಿನ ಕಥೆ ಸುಖದ್ದಲ್ಲ. ಕ್ಲೋರಲ್ ಹೈಡ್ರೇಟ್ ಎಂಬ ರಾಸಾಯನಿಕವನ್ನು ನೀರಿಗೆ ಬೆರೆಸಿ ಸಿಂದಿ ಎಂಬ ಹೆಸರಿನಿಂದ ಮಾರುವ ದಂಧೆ ಈ ಭಾಗದಲ್ಲಿ ಬೇರೂರಿತು. ಸಿ. ಎಚ್. ಪೌಡರ್ ಎಂದು ಜನ ಕರೆಯುವ ಆ ವಿಷ ಎಷ್ಟೋ ಕೂಲಿಕಾರರ ನರಗಳನ್ನು ಹಾಳುಮಾಡಿ ಮನೆಗಳನ್ನು ಮುರಿಯಿತು. ಸಿಂದಿಯ ಮಾರಾಟಕ್ಕೆ ಸರಕಾರ ತಡೆ ಹಾಕಿತು. ೨೦೦೭ರ ಜುಲೈ ೧ರಿಂದ ರಾಜ್ಯದಲ್ಲಿ ಸಾರಾಯಿಯೂ ನಿಷಿದ್ಧವಾಯಿತು. ಕುಡಿತದಿಂದ ನೊಂದ ಹೆಂಗಸರ ದೃಷ್ಟಿಯಿಂದ ನೋಡಿದರೆ ಈ ನಿರ್ಬಂಧಗಳಿಗೆ ಬಲವಾದ ಕಾರಣಗಳಿದ್ದವು. ಗತಕಾಲದ ಗಡಿಗೆಯನ್ನು ನೆನೆದು ಹಾಡುವುದು ಚರಿತ್ರಕಾರನ ಕೆಲಸವಲ್ಲ. ಆದರೆ ಮನೆ ಮುರಿದುದು ಗಿಡದ ರಸವೋ, ಗಿಡದ ಹೆಸರಿನಲ್ಲಿ ಮಾರಿದ ಪುಡಿಯೋ ಎಂಬುದನ್ನು ಬೇರ್ಪಡಿಸಿ ನೋಡುವುದು ಅವನ ಕೆಲಸವೇ ಆಗಿದೆ.

೫

ಆಟದ ಗತಿ ಬೇರೆ ದಾರಿಯಲ್ಲಿ ಸಾಗಿತು. ಅದರಿಂದ ಆದಾಯ ಬರುತ್ತಿರಲಿಲ್ಲವಾದುದರಿಂದ ಅದನ್ನು ಹರಾಜು ಹಾಕುವ ಪ್ರಸಂಗವೂ ಬರಲಿಲ್ಲ. ನಿಜಾಮನ ಆಳಿಕೆಯಲ್ಲಿ ಆಡಳಿತದ ಭಾಷೆ ಉರ್ದು. ಸಾರ್ವಜನಿಕ ಸಭೆಗಳಿಗೆ ‘ಗಸ್ತಿ ನಿಶಾನ್ ೫೩’ ಎಂಬ ಆಜ್ಞೆಯ ನಿರ್ಬಂಧ. ಅಂಥ ದಿನಗಳಲ್ಲಿ ಅಕ್ಷರ ಕಲಿಯದ ಜನ ನೂರಾರು ಸಂಖ್ಯೆಯಲ್ಲಿ ನೆರೆದು ಬೆಳತನಕ ಕನ್ನಡವನ್ನು ಕೇಳುತ್ತಿದ್ದ ಸ್ಥಳಗಳಲ್ಲಿ ಆಟದ ಬಯಲು ಮುಖ್ಯವಾದುದು. ೧೯೫೬ರ ನವೆಂಬರ್ ೧ರಂದು ಈ ಸೀಮೆ ಕನ್ನಡ ನಾಡಿಗೆ ಸೇರಿದಾಗ ಇಲ್ಲಿ ಕನ್ನಡ ಜೀವಂತವಾಗಿದ್ದುದಕ್ಕೆ ಶಾಲೆಗಿಂತ ಇಂಥ ಇರುಳುಗಳ ಋಣ ಹೆಚ್ಚೆಂದು ನಮ್ಮ ಅಭಿಪ್ರಾಯ.

ಇದೇ ಕಾಲದಲ್ಲಿ ಮರಾಠಿ ಸಂಗೀತ ನಾಟಕಗಳ ಪ್ರಭಾವದಿಂದ ಬೆಳೆದ ಕಂಪನಿ ನಾಟಕಗಳು ಪೇಟೆಗಳಿಗೆ ಬಂದವು. ರಾಮ ಗಣೇಶ ಗಡಕರಿಯವರ ‘ಏಕಚ್ ಪ್ಯಾಲಾ’ ೧೯೧೯ರಲ್ಲಿ ರಂಗಕ್ಕೆ ಬಂದು, ಕುಡಿತವನ್ನೇ ದುರಂತದ ವಸ್ತುವನ್ನಾಗಿ ಮಾಡಿದ ಸಂಗೀತ ನಾಟಕವಾಗಿ ಪ್ರಸಿದ್ಧವಾಯಿತು. ಅದರ ನಾಯಕ ಓದಿದ ವಕೀಲ; ಸಿಂದಿಯ ಗಡಿಗೆಯ ಮನುಷ್ಯನಲ್ಲ. ಕಂಪನಿಯಲ್ಲಿ ಆಡುವವನು ಸಂಬಳದವನು, ನೋಡುವವನು ಟಿಕೀಟಿನವನು. ಆ ಮೇಲೆ ಚಲನಚಿತ್ರ ಬಂದಿತು. ಬಯಲಾಟ ಸಾಯಲಿಲ್ಲ, ಆದರೆ ಮಾಸ್ತರರು ಕಡಿಮೆಯಾದರು, ಆಟದ ಉದ್ದ ಕುಗ್ಗಿತು. ಡಾ. ಚಂದ್ರಶೇಖರ ಕಂಬಾರರು ೧೯೭೨ರ ‘ಜೋಕುಮಾರಸ್ವಾಮಿ’ಯಲ್ಲಿ ಬಯಲಾಟದ ಬಂಧವನ್ನು ಬಳಸಿ ಅದರ ಸತ್ವವನ್ನು ವಿದ್ಯಾವಂತರಿಗೆ ತೋರಿಸಿದರು. ಇಂದು ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿಯೂ ಇದೆ.

೬

೨೦೧೦ರಿಂದೀಚೆಗೆ ಬೆಂಗಳೂರಿನಲ್ಲಿ ಸಣ್ಣ ಪ್ರಮಾಣದ ಬಿಯರ್ ತಯಾರಿಸಿ ಅಲ್ಲಿಯೇ ಮಾರುವ ಗೃಹಗಳು ಹುಟ್ಟಿಕೊಂಡಿವೆ. ವೈಟ್‌ಫೀಲ್ಡಿನ ಅಂಥದೊಂದು ಗೃಹದಲ್ಲಿ ಸಂಗೀತಕ್ಕೆಂದೇ ರಂಗಮಂದಿರವಿದೆ. ಕಣ್ಣೆದುರಿಗೆ ತಯಾರಾದ ತಾಜಾ ಪಾನೀಯ, ಹತ್ತಿರದಲ್ಲಿಯೇ ಕುಳಿತು ಕೇಳುವ ಹಾಡು ಇವನ್ನು ನಗರದ ರಸಿಕರು ಹೊಸ ಸೊಗಸೆಂದು ಮೆಚ್ಚುತ್ತಾರೆ. ಅವರು ಮೆಚ್ಚುವ ಗುಣ ಈ ಸೀಮೆಯ ಹಳ್ಳಿಗಳಿಗೆ ಹೊಸದಲ್ಲ. ಮಾಡುವವನನ್ನು ಕಂಡು ಸವಿಯುವುದೇ ಆ ಗುಣ. ಭೇದವಿರುವುದು ಬೆಲೆಯಲ್ಲಿ ಮತ್ತು ಕಾಯಿದೆಯಲ್ಲಿ. ನಗರದ ಕುಶಲಿಗೆ ಪರವಾನಿಗೆ ದೊರೆಯಿತು, ಪ್ರತಿಷ್ಠೆಯೂ ದೊರೆಯಿತು. ಗಿಡ ಹತ್ತುತ್ತಿದ್ದ ಹಳ್ಳಿಯ ಕುಶಲಿಗೆ ಎರಡೂ ದೊರೆಯಲಿಲ್ಲ.

ಈ ಚರಿತ್ರೆಯನ್ನು ಬರೆಯಬೇಕಾದ ಅಭ್ಯಾಸಿಗೆ ಒಂದು ವಿಚಿತ್ರ ತೊಡಕು ಎದುರಾಗುವುದು. ಸಿಂದಿಯ ವಿಷಯದಲ್ಲಿ ಸರಕಾರಿ ಕಾಗದಗಳಿವೆ, ಜನರ ಮಾತಿಲ್ಲ. ಆಟದ ವಿಷಯದಲ್ಲಿ ಜನರ ಮಾತಿದೆ, ಕಾಗದಗಳಿಲ್ಲ. ತೆರಿಗೆ ಕೊಟ್ಟುದು ದಫ್ತರಕ್ಕೆ ಸೇರಿತು. ತೆರಿಗೆ ಕೊಡದುದು ಬಾಯಲ್ಲಿ ಉಳಿಯಿತು. ಆದುದರಿಂದ ಎರಡನ್ನೂ ಜೊತೆಗಿರಿಸಿಯೇ ಓದಬೇಕು. ಹೈದರಾಬಾದಿನ ಪ್ರಾಚ್ಯಪತ್ರಾಗಾರದಲ್ಲಿರುವ ನಿಜಾಮ ಕಾಲದ ದಾಖಲೆಗಳನ್ನು ನೋಡಲು ನಮ್ಮ ವಿದ್ಯಾರ್ಥಿಗಳು ಉರ್ದು ಲಿಪಿಯನ್ನು ಕಲಿಯಬೇಕು. ಹಳ್ಳಿಗಳಲ್ಲಿ ಮಾಸ್ತರರ ಮನೆಯ ಆಟದ ಹೊತ್ತಿಗೆಗಳನ್ನು ಹುಡುಕಿ, ಪ್ರತಿ ಮಾಡಿಸಿ, ಹಾಡುಗಳ ಮಟ್ಟುಗಳನ್ನು ಮುದ್ರಿಸಿಕೊಳ್ಳಬೇಕು. ಮಟ್ಟು ಕಾಗದದಲ್ಲಿ ಉಳಿಯದು, ಮಾಸ್ತರನೊಡನೆಯೇ ಹೋಗುವುದು. ಸಿಂದಿ ಇಳಿಸಿದ ವೃದ್ಧರ ಹೇಳಿಕೆಗಳನ್ನು ಬರೆದುಕೊಳ್ಳಬೇಕು. ಹಳ್ಳದ ದಂಡೆಯಲ್ಲಿ ಅಲ್ಲಲ್ಲಿ ಉಳಿದಿರುವ ಡೊಂಕು ಗಿಡಗಳ ಕಚ್ಚುಗಳನ್ನಾದರೂ ಎಣಿಸಿಡಬೇಕು. ಕೋಟೆಯ ಕಲ್ಲು ಇನ್ನೂ ನೂರು ವರ್ಷ ಕಾಯಬಲ್ಲುದು. ಈ ಸಾಕ್ಷಿಗಳು ಕಾಯಲಾರವು.